‘ಲಕ್ಷ್ಯ’ ನಮ್ಮ ಕಡೆ ಯಾಕೆ ಓಡಲಿಲ್ಲ? 20 ವರ್ಷದ ಮೇಲೂ ಬಿಡದ ಪ್ರಶ್ನೆ

ಶಹಾಬಾದ್_ಕಲ್ಲು
ಮೊನ್ನೆ ಆಫೀಸಿನಲ್ಲಿ ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು ಹಿಂದಿಯ ‘ಲಕ್ಷ್ಯ’ ಸಿನಿಮಾದ ಹೆಸರು ತೆಗೆದೆ. ಪಕ್ಕದವರು ಕೂಡಲೇ "ಅದು ಫ್ಲಾಪ್ ಪಿಕ್ಚರ್ ಅಲ್ವಾ" ಅಂದರು. ಅವರಿಗೆ ಮಾತು ಅಲ್ಲಿಗೆ ಮುಗಿಯಿತು. ನನಗೆ ಮುಗಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

2004ರ ಜೂನ್ 18ಕ್ಕೆ ಬಂದ ಸಿನಿಮಾ. ಆ ವರ್ಷ ನಾನು ಸೆಕೆಂಡ್ ಪಿಯುಸಿ ಫೇಲ್ ಆಗಿದ್ದೆ. ಅಪ್ಪ ಬೈಯಲಿಲ್ಲ, ಮಾತೇ ಬಿಟ್ಟಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಒಂದು ದಿನ ಅಣ್ಣ "ಏಳು, ಪಿಕ್ಚರಿಗೆ ಹೋಗೋಣ" ಅಂತ ಎಬ್ಬಿಸಿಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಗುಲ್ಬರ್ಗಾಕ್ಕೆ ಕರೆದುಕೊಂಡು ಹೋದ. ಮಳೆ ಇನ್ನೂ ಹಿಡಿದಿರಲಿಲ್ಲ, ಬಿಸಿಲು ಹಾಗೇ ಇತ್ತು. ಟಾಕೀಸಿನಲ್ಲಿ ಐವತ್ತು ಮಂದಿ ಇದ್ದರೆ ಹೆಚ್ಚು. ತೆರೆ ಮೇಲೆ ಲಡಾಖಿನ ಬೆಟ್ಟ, ಕೆಳಗೆ ನಾವು ಬೆವರಿನಲ್ಲಿ ಒದ್ದೆ.

ಕತೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕರಣ್ ಅಂತ ದಿಲ್ಲಿಯ ಹುಡುಗ, ಹೃತಿಕ್ ರೋಷನ್ ಮಾಡಿದ ಪಾತ್ರ. ಮುಂದೇನು ಮಾಡಬೇಕು ಅಂತ ಗೊತ್ತಿಲ್ಲ. ಗೆಳೆಯ ಹೇಳಿದ ಅಂತ ಸೈನ್ಯಕ್ಕೆ ಅರ್ಜಿ ಹಾಕುತ್ತಾನೆ, ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಸೇರುತ್ತಾನೆ, ತಡೆಯಲಾರದೆ ಓಡಿ ಬರುತ್ತಾನೆ. ಆಮೇಲೆ ತಾನಾಗಿಯೇ ವಾಪಸ್ ಹೋಗುತ್ತಾನೆ. ಕಾರ್ಗಿಲ್ ಯುದ್ಧ ಬರುವುದು ಅದಾದ ಮೇಲೆ. ಓಡಿ ಬಂದವನು ಮನೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನಲ್ಲ, ಅಲ್ಲಿ ಅಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ. ಒಂದು ಮಾತೂ ಆಡಲಿಲ್ಲ. ನಾನು ಮರುಪರೀಕ್ಷೆಗೆ ಕೂತೆ, ಪಾಸಾದೆ.

ಒಂದೇ ವಾರಕ್ಕೆ ಆ ಸಿನಿಮಾ ತೆಗೆದರು. ಎರಡನೇ ಸಲ ನೋಡೋಣ ಅಂತ ಹೋದಾಗ ಬೇರೆ ಪೋಸ್ಟರ್ ಇತ್ತು. ದೇಶದ ತುಂಬಾ ಹೀಗೇ ಆಯಿತು, ಹಾಕಿದ ದುಡ್ಡಿಗೆ ತಕ್ಕ ಗಳಿಕೆ ಬರಲಿಲ್ಲ. ಈಗ ಎಲ್ಲರೂ ‘ಎಂಥ ಸಿನಿಮಾ’ ಅನ್ನುತ್ತಾರೆ. ಆವತ್ತು ಇವರೆಲ್ಲ ಎಲ್ಲಿದ್ದರು? ನಮ್ಮ ಕಡೆ ನೋಡಿದವರು ಯಾರಾದರೂ ಇದ್ದೀರಾ? ಯಾಕೆ ಓಡಲಿಲ್ಲ ಅಂತ ನಿಮಗೆ ಅನ್ನಿಸುತ್ತದೆ?

ತೊಗರಿ_ಕಣಜ
ನಾನಿದ್ದೆ. ಆ ಐವತ್ತರಲ್ಲಿ ಒಬ್ಬ ನಾನೇ ಇರಬೇಕು.

ಬಿದ್ರಿ_ಕುಸುರಿ
ಬೀದರಿನಲ್ಲಿ ನೋಡಿದ್ದೇನೆ. ನಿಜ ಹೇಳಬೇಕು ಅಂದರೆ ನಮ್ಮ ಗುಂಪಿಗೆ ಬೇಸರ ಬಂತು. ಯುದ್ಧದ ಸಿನಿಮಾ ಅಂತ ಹೋಗಿದ್ದೆವು. ಪೋಸ್ಟರಿನಲ್ಲಿ ಹೃತಿಕ್ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದ. ಒಳಗೆ ಹೋದರೆ ಒಂದೂವರೆ ತಾಸು ಕಾಲೇಜು, ಹಾಡು, ಪ್ರೀತಿ. ನಮ್ಮ ಜೊತೆ ಬಂದವರಲ್ಲಿ ಇಬ್ಬರು ಇಂಟರ್ವಲ್‌ನಲ್ಲಿ ಎದ್ದು ಹೋದರು. ಗುಂಡಿನ ಸದ್ದು ಶುರುವಾಗುವ ಹೊತ್ತಿಗೆ ಅವರು ಮನೆ ಸೇರಿದ್ದರು. ತಪ್ಪು ಸಿನಿಮಾದ್ದಲ್ಲ, ಅದನ್ನು ಮಾರಿದ ರೀತಿಯದು.

ರೀಲು_ಡಬ್ಬಿ
ಈ ಮಾತಿಗೆ ನಾನು ಬರಲೇಬೇಕು. ನಮ್ಮಪ್ಪ ಗುಲ್ಬರ್ಗಾದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ನಾನು ಬೆಳೆದದ್ದೇ ಪ್ರೊಜೆಕ್ಟರ್ ರೂಮಿನಲ್ಲಿ.

ಟಾಕೀಸಿನ ಲೆಕ್ಕ ಬೇರೆ ಇರುತ್ತದೆ. ಲಕ್ಷ್ಯ 186 ನಿಮಿಷದ ಸಿನಿಮಾ. ಸಾವಿರ ಅಡಿಯ ಒಂದು ರೀಲು 11 ನಿಮಿಷ ಓಡುತ್ತದೆ. ಅಂದರೆ ಹತ್ತಿರ ಹತ್ತಿರ 17 ರೀಲು. ಇಂಟರ್ವಲ್ ಸೇರಿಸಿದರೆ ಒಂದು ಶೋಗೆ ಮೂರು ಗಂಟೆ ಇಪ್ಪತ್ತು ನಿಮಿಷ. ದಿನಕ್ಕೆ ನಾಲ್ಕು ಶೋ ಹಾಕಿದರೆ ಹದಿಮೂರು ಗಂಟೆಗೂ ಮಿಕ್ಕಿ ಮಷಿನ್ ಓಡಬೇಕು. ನಡುವೆ ಕರೆಂಟ್ ಹೋದರೆ ಮುಗಿಯಿತು, ಎಲ್ಲಾ ಶೋ ಹಿಂದೆ ಬೀಳುತ್ತದೆ. ಆಗ ಕರೆಂಟ್ ಎಷ್ಟು ಹೋಗುತ್ತಿತ್ತು ಅಂತ ನಿಮಗೆಲ್ಲ ಗೊತ್ತು.

ಇನ್ನೊಂದು ಮಾತು. ನಮ್ಮ ಟಾಕೀಸು ತುಂಬುತ್ತಿದ್ದದ್ದು ಬರೀ ಸಿಟಿ ಮಂದಿಯಿಂದಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ ಬಂದವರು ಕೆಲಸ ಮುಗಿಸಿ ಮ್ಯಾಟ್ನಿಗೆ ಬರುತ್ತಿದ್ದರು. ಮ್ಯಾಟ್ನಿ ಬಿಡುವುದು ತಡವಾದರೆ ಅವರ ಬಸ್ ತಪ್ಪುತ್ತದೆ. ಅದಕ್ಕೆ ಮೂರು ಗಂಟೆ ಮೀರಿದ ಸಿನಿಮಾ ಅಂದರೆ ಅವರು ಟಿಕೆಟ್ ಕಿಟಕಿಯಲ್ಲೇ ಕೇಳುತ್ತಿದ್ದರು, "ಎಷ್ಟಕ್ಕೆ ಬಿಡ್ತದ?" ಅಂತ. ಉತ್ತರ ಕೇಳಿ ತಿರುಗಿ ಹೋದವರನ್ನು ನಾನೇ ನೋಡಿದ್ದೇನೆ.

ಅಪ್ಪನಿಗೆ ಮಾತ್ರ ಆ ಸಿನಿಮಾ ಬಹಳ ಇಷ್ಟ. ಕೊನೆಗೆ ಕಡಿದಾದ ಬಂಡೆ ಹತ್ತುವ ದೃಶ್ಯ ಇದೆಯಲ್ಲ, ಆ ರೀಲು ಬಂದಾಗ ಸ್ಟೂಲಿನಿಂದ ಎದ್ದು ಆ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ದಿನಕ್ಕೆ ನಾಲ್ಕು ಸಲ.

ಸುರಪುರದ_ಹುಡುಗ
ರೀಲು ಅಣ್ಣಾ, ಲೆಕ್ಕ ಸರಿ ಇದೆ. ಆದರೆ ಉದ್ದ ಕಾರಣ ಅಲ್ಲ. 1997ರಲ್ಲಿ ‘ಬಾರ್ಡರ್’ ಬಂದಾಗ ಅದೂ ಹತ್ತಿರ ಹತ್ತಿರ ಮೂರು ಗಂಟೆ. ನಮ್ಮ ಊರಿನಿಂದ ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿ ನೋಡಿದ್ದಾರೆ. ಬಸ್ ತಪ್ಪುತ್ತದೆ ಅಂತ ಒಬ್ಬರೂ ವಾಪಸ್ ಬಂದಿಲ್ಲ.

ವ್ಯತ್ಯಾಸ ಏನು ಗೊತ್ತಾ? ಅದರಲ್ಲಿ ಇದ್ದದ್ದು ಹಳ್ಳಿಯ ಮಂದಿ. ಕಣ್ಣು ಕಾಣದ ತಾಯಿ, ಹೊಸದಾಗಿ ಮದುವೆಯಾದ ಹೆಂಡತಿ, ಮನೆಯಿಂದ ಬರುವ ಪತ್ರ. ನಮ್ಮ ಮನೆಯದೇ ಕತೆ. ಲಕ್ಷ್ಯದ ಹುಡುಗನಿಗೆ ದೊಡ್ಡ ಮನೆ, ಅಪ್ಪನ ಹತ್ತಿರ ದುಡ್ಡು. ‘ಏನು ಮಾಡಲಿ ಅಂತ ಗೊತ್ತಾಗುತ್ತಿಲ್ಲ’ ಅನ್ನುತ್ತಾನೆ. ನಮ್ಮ ಸುರಪುರ ಕಡೆ ಹದಿನೆಂಟು ತುಂಬಿದ ಹುಡುಗನಿಗೆ ಆ ಪ್ರಶ್ನೆಯೇ ಇರಲಿಲ್ಲ. ಹೊಲ ಇದ್ದರೆ ಹೊಲ, ಇಲ್ಲದಿದ್ದರೆ ಪುಣೆಗೋ ಬೆಂಗಳೂರಿಗೋ ಕಟ್ಟಡದ ಕೆಲಸ. ಆ ಹುಡುಗನ ನೋವು ನಮಗೆ ನೋವು ಅಂತ ಅನ್ನಿಸಲೇ ಇಲ್ಲ.

ಶಹಾಬಾದ್_ಕಲ್ಲು
ತಮ್ಮಾ, ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲೂ ದುಡ್ಡಿರಲಿಲ್ಲ, ಅಪ್ಪ ಪರ್ಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಆದರೂ ಆ ಹುಡುಗನ ತಳಮಳ ನನ್ನದೇ ಅನ್ನಿಸಿತು. ಏನು ಮಾಡಬೇಕು ಅಂತ ಗೊತ್ತಾಗದೆ ಇರುವುದಕ್ಕೆ ಶ್ರೀಮಂತರೇ ಆಗಬೇಕಾ? ಬಡವರ ಮನೆ ಹುಡುಗನಿಗೂ ಅದು ಇರುತ್ತದೆ. ಹೇಳಿಕೊಳ್ಳಲು ಜಾಗ ಇರುವುದಿಲ್ಲ, ಅಷ್ಟೇ.

ಸುರಪುರದ_ಹುಡುಗ
ಇದು ಖರೇ. ಆದರೆ ನಿಮ್ಮ ಹೆಗಲ ಮೇಲೆ ಕೈ ಇಡಲು ಅಣ್ಣ ಇದ್ದರು. ನಾನು ಹೇಳುತ್ತಿರುವುದು ಉಳಿದವರ ಮಾತು.

ಹಫ್ತ್_ಗುಂಬಜ್
ಭಾಷೆಯನ್ನೂ ಸೇರಿಸಿ. ನಮ್ಮ ಕಲಬುರಗಿಯಲ್ಲಿ ಹಿಂದಿ ಸಿನಿಮಾ ಅರ್ಥವಾಗದವರು ಕಡಿಮೆ. ದರ್ಗಾ ಕಡೆ ಹೋಗಲಿ, ಸೂಪರ್ ಮಾರ್ಕೆಟ್ ಕಡೆ ಹೋಗಲಿ, ದಖನಿ ಕಿವಿಗೆ ಬಿದ್ದೇ ಬೆಳೆದಿದ್ದೇವೆ. ಆದರೆ ಲಕ್ಷ್ಯದ ಮೊದಲರ್ಧದ ಹಿಂದಿಯಲ್ಲಿ ಅರ್ಧ ಇಂಗ್ಲಿಷ್. ನಮ್ಮ ಮಾಮು ಒಬ್ಬರು ಸಾಯುವವರೆಗೂ ಒಂದು ಶುಕ್ರವಾರವೂ ಸಿನಿಮಾ ತಪ್ಪಿಸಿದವರಲ್ಲ. ಅವರು ಹೊರಗೆ ಬಂದು "ಲಡಾಯಿ ಸಮಝ್ ಮೇಂ ಆಯಿ, ಲಡಕಾ ಸಮಝ್ ಮೇಂ ನಕ್ಕೋ ಆಯಾ" ಅಂದರು. ಯುದ್ಧ ತಿಳಿಯಿತು, ಹುಡುಗ ತಿಳಿಯಲಿಲ್ಲ ಅಂತ. ಇದಕ್ಕಿಂತ ಸರಿಯಾದ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಮಾಂಜ್ರಾ_98
ಮಾಮು ಮಾತು ಸೂಪರ್ 🙏

ಭೀಮಾ_ದಂಡೆ
ಎಲ್ಲರೂ ಒಂದು ಮರೆತಿದ್ದೀರಿ. ಆ ವರ್ಷ ಕರ್ನಾಟಕದಲ್ಲಿ ಬೇರೆ ಭಾಷೆಯ ಸಿನಿಮಾಗಳನ್ನು ಏಳು ವಾರ ತಡೆಯಬೇಕು ಅಂತ ಗಲಾಟೆ ಇತ್ತು. ಅದರಿಂದಲೇ ಲಕ್ಷ್ಯಕ್ಕೆ ಹೊಡೆತ ಬಿತ್ತು.

ರೀಲು_ಡಬ್ಬಿ
ಇಲ್ಲರೀ, ತಾರೀಖು ಹೊಂದುವುದಿಲ್ಲ. ಆ ಗಲಾಟೆ ಜೋರಾದದ್ದು 2004ರ ಆಗಸ್ಟ್‌ನಲ್ಲಿ. ಲಕ್ಷ್ಯ ಬಂದದ್ದು ಜೂನ್‌ನಲ್ಲಿ, ಆಗಲೇ ಹೋಗಿಯೂ ಆಗಿತ್ತು. ಇನ್ನೊಂದು ವಿಷಯ. ಹಿಂದಿ ಸಿನಿಮಾ ವ್ಯಾಪಾರದಲ್ಲಿ ನಮ್ಮ ಬೀದರ್, ಗುಲ್ಬರ್ಗಾ ಎರಡೂ ಮೈಸೂರು ಏರಿಯಾ ಅಲ್ಲ, ನಿಜಾಮ್ ಏರಿಯಾ. ನಿಜಾಮರ ರಾಜ್ಯ 1948ಕ್ಕೇ ಹೋಯಿತು, ಸಿನಿಮಾ ಡಬ್ಬಿ ಮಾತ್ರ ಹಳೇ ದಾರಿಯಲ್ಲೇ ಹೈದರಾಬಾದಿನಿಂದ ಬರುತ್ತಿತ್ತು. ಹೈದರಾಬಾದಿನಲ್ಲಿ ಓಡಿದರೆ ಇಲ್ಲಿಗೆ ಪ್ರಿಂಟ್ ಬೇಗ ಬರುತ್ತಿತ್ತು, ಜಾಸ್ತಿ ದಿನ ನಿಲ್ಲುತ್ತಿತ್ತು. ಅಲ್ಲಿ ಎತ್ತಿದರೆ ಇಲ್ಲೂ ಎತ್ತಿದ ಹಾಗೇ.

ಭೀಮಾ_ದಂಡೆ
ಹೌದಾ, ತಿಂಗಳು ತಪ್ಪಾಯಿತು. ನಿಜಾಮ್ ಏರಿಯಾ ವಿಷಯ ಗೊತ್ತೇ ಇರಲಿಲ್ಲ. ನಮ್ಮ ಜೇವರ್ಗಿಯ ಧರಂ ಸಿಂಗ್ ಸಾಹೇಬರು ಮುಖ್ಯಮಂತ್ರಿ ಆದದ್ದೂ ಅದೇ ವರ್ಷ ಮೇ 28ಕ್ಕೆ. ಜೂನ್ ತುಂಬಾ ಜಿಲ್ಲೆಯಲ್ಲಿ ಅದೇ ಮಾತು, ಅದೇ ಸನ್ಮಾನ, ಅದೇ ಬ್ಯಾನರ್. ಸಿನಿಮಾ ಕಡೆ ಯಾರ ಲಕ್ಷ್ಯ ಇತ್ತು ಆಗ.

ತೊಗರಿ_ಕಣಜ
ರಾಜಕೀಯ ಬೇಡ. ಸಿನಿಮಾ ಮಾತಾಡೋಣ.

ಗಣಿತ_ಟೀಚರ್
ಯಾದಗಿರಿಯಿಂದ ಬರೆಯುತ್ತಿದ್ದೇನೆ. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ.

ನನ್ನ ಪ್ರಕಾರ ಆ ಸಿನಿಮಾ ಬಂದ ಹೊತ್ತು ಸರಿ ಇರಲಿಲ್ಲ. ನೆನಪು ಮಾಡಿಕೊಳ್ಳಿ. 2003ರ ಡಿಸೆಂಬರ್ ಕೊನೆಯಲ್ಲಿ ‘ಎಲ್‌ಒಸಿ ಕಾರ್ಗಿಲ್’ ಬಂದಿತ್ತು, ನಾಲ್ಕು ಗಂಟೆ ಮೀರಿದ ಸಿನಿಮಾ. ನೋಡಿದವರು ಸುಸ್ತಾಗಿದ್ದರು. ಲಕ್ಷ್ಯ ಬಂದು ಒಂದು ವಾರಕ್ಕೆ, ಜೂನ್ 25ಕ್ಕೆ, ಯುದ್ಧ ಕೈದಿಗಳ ಕತೆಯ ‘ದೀವಾರ್’ ಬಂತು. ಅದರಲ್ಲೂ ಅಮಿತಾಭ್, ಅದರಲ್ಲೂ ಯೂನಿಫಾರ್ಮ್. ಪೋಸ್ಟರ್ ನೋಡಿದವರಿಗೆ ಯಾವುದು ಯಾವುದು ಅಂತ ತಿಳಿಯುವುದೇ ಕಷ್ಟ. ಇನ್ನು ದೇಶದ ಮನಸ್ಸು ಆಗ ಯುದ್ಧದ ಕಡೆ ಇರಲಿಲ್ಲ. ಅದೇ ಮಾರ್ಚ್‌ನಲ್ಲಿ ನಮ್ಮ ಕ್ರಿಕೆಟ್ ತಂಡ ಪಾಕಿಸ್ತಾನಕ್ಕೆ ಹೋಗಿತ್ತು. ಮುಲ್ತಾನಿನಲ್ಲಿ ಸೆಹ್ವಾಗ್ 309 ಹೊಡೆದರು, ಅಲ್ಲಿನ ಮಂದಿ ನಮ್ಮವರಿಗೆ ಚಪ್ಪಾಳೆ ತಟ್ಟಿದರು. ಟೀವಿಯಲ್ಲಿ ಅದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡವರು ಮೂರು ತಿಂಗಳಿಗೆ ಯುದ್ಧದ ಸಿನಿಮಾಕ್ಕೆ ಯಾಕೆ ಹೋಗುತ್ತಾರೆ ಹೇಳಿ?

ಇನ್ನೊಂದು ಮಾತು, ಇದು ಯಾರೂ ಎತ್ತದ ಮಾತು. ಪ್ರೀತಿ ಜಿಂಟಾ ಮಾಡಿದ ರೋಮಿಲಾ ಪಾತ್ರ. ಅವಳು ಪತ್ರಕರ್ತೆ, ಯುದ್ಧ ನಡೆಯುವಲ್ಲಿಗೇ ಹೋಗಿ ಸುದ್ದಿ ಕೊಡುತ್ತಾಳೆ. ಕಾರ್ಗಿಲ್ ನಾವು ಮನೆಯಲ್ಲಿ ಕೂತು ಟೀವಿಯಲ್ಲಿ ನೋಡಿದ ಮೊದಲ ಯುದ್ಧ. ನಾನು ಆಗ ಒಂಬತ್ತನೇ ಕ್ಲಾಸು. ಸಿನಿಮಾದಲ್ಲಿ ಏನು ಮಾಡಬೇಕು ಅಂತ ಗೊತ್ತಿರುವುದು ಹುಡುಗಿಗೆ, ಗೊತ್ತಿಲ್ಲದಿರುವುದು ಹುಡುಗನಿಗೆ. ಅವನು ಓಡಿ ಬಂದಾಗ ಅವಳು ಅಳುತ್ತಾ ಕೂರುವುದಿಲ್ಲ, ‘ನಿನ್ನ ಮೇಲೆ ನಂಬಿಕೆ ಹೋಯಿತು’ ಅನ್ನುವ ಹಾಗೆ ದೂರ ಸರಿಯುತ್ತಾಳೆ. 2004ರಲ್ಲಿ ನಾಯಕಿಗೆ ಇಷ್ಟು ಬೆನ್ನೆಲುಬು ಕೊಟ್ಟ ದೊಡ್ಡ ಸಿನಿಮಾ ಎಷ್ಟಿದ್ದವು? ನಾನು ಓದು ಬಿಡಬಾರದು ಅಂತ ಗಟ್ಟಿ ಮಾಡಿಕೊಂಡದ್ದು ಅವಳನ್ನು ನೋಡಿ. ಮನೆಯಲ್ಲಿ ಮದುವೆ ಮಾತು ನಡೆದಿತ್ತು ಆಗ.

ಬಿದ್ರಿ_ಕುಸುರಿ
ಟೀಚರ್ ಅಕ್ಕಾ, ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ನಾವು ಹುಡುಗರು ಅವಳ ದೃಶ್ಯ ಬಂದಾಗ ಯಾವಾಗ ಮುಗಿಯುತ್ತದೆ ಅಂತ ಕಾಯುತ್ತಿದ್ದೆವು. ಈಗ ನಾಚಿಕೆ ಆಗುತ್ತಿದೆ.

ನಿವೃತ್ತ_ಹವಾಲ್ದಾರ್
ಎಲ್ಲರಿಗೂ ನಮಸ್ಕಾರ. ಬಸವಕಲ್ಯಾಣದ ಹತ್ತಿರದ ಹಳ್ಳಿಯವನು ನಾನು. ಬೆಳಗಾವಿಯಲ್ಲಿ ಟ್ರೇನಿಂಗ್, ಮರಾಠಾ ಲೈಟ್ ಇನ್‌ಫಂಟ್ರಿ. 1999ರಲ್ಲಿ ನಾನು ಕಾರ್ಗಿಲ್‌ನಲ್ಲಿ ಇರಲಿಲ್ಲ. ಆಮೇಲೆ ದ್ರಾಸ್ ಕಡೆ ಒಂದು ಅವಧಿ ಇದ್ದೆ. ಆದ್ದರಿಂದ ಕೇಳಿದ್ದನ್ನು ಕೇಳಿದ ಹಾಗೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಸಿನಿಮಾದಲ್ಲಿ ಪಾಯಿಂಟ್ 5179 ಅನ್ನುತ್ತಾರೆ. ಆ ಶಿಖರ ಕತೆಗಾಗಿ ಮಾಡಿದ್ದು. ಆದರೆ ಹೆಸರಿಡುವ ರೀತಿ ನಿಜವಾದದ್ದು. ನಕ್ಷೆಯಲ್ಲಿ ಹೆಸರಿಲ್ಲದ ಶಿಖರಕ್ಕೆ ಅದರ ಎತ್ತರವೇ ಹೆಸರು, ಮೀಟರಿನಲ್ಲಿ. ಪಾಯಿಂಟ್ 5140, ಪಾಯಿಂಟ್ 4875, ಇವೆಲ್ಲ ನಿಜವಾದವು. ಕ್ಯಾಪ್ಟನ್ ವಿಕ್ರಮ್ ಬಾತ್ರಾ ಮೊದಲನೆಯದನ್ನು ಗೆದ್ದರು, ಎರಡನೆಯದರಲ್ಲಿ ಪ್ರಾಣ ಕೊಟ್ಟರು. 5140 ಮೀಟರ್ ಅಂದರೆ ಹದಿನಾರು ಸಾವಿರ ಅಡಿ ಮೀರಿತು. ನಮ್ಮ ಬೀದರ್ ಕೋಟೆ ಹತ್ತಲು ಏದುಸಿರು ಬಿಡುವವರು ಲೆಕ್ಕ ಹಾಕಿಕೊಳ್ಳಿ.

ಅಷ್ಟು ಎತ್ತರಕ್ಕೆ ನೇರ ಹೋಗಲು ಆಗುವುದಿಲ್ಲ. ಮೈ ಒಗ್ಗಬೇಕು. 9 ಸಾವಿರ ಅಡಿ ದಾಟಿದ ಮೇಲೆ ಆರು ದಿನ, 12 ಸಾವಿರ ದಾಟಿದ ಮೇಲೆ ನಾಲ್ಕು ದಿನ, 15 ಸಾವಿರ ದಾಟಿದ ಮೇಲೆ ಮತ್ತೆ ನಾಲ್ಕು ದಿನ. ಮೊದಲ ಎರಡು ದಿನ ಸುಮ್ನೆ ವಿಶ್ರಾಂತಿ. ನಡೆದರೆ ತಲೆ ಸಿಡಿಯುತ್ತದೆ, ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಮನುಷ್ಯ ಹೋಗಿಬಿಡುತ್ತಾನೆ. ಅಲ್ಲಿ ಗಾಳಿ ಎಷ್ಟು ತೆಳು ಅಂದರೆ ಊರಿನಿಂದ ಒಯ್ದ ತೊಗರಿ ಬೇಳೆ ಕುಕ್ಕರ್ ಇಲ್ಲದೆ ಬೇಯುವುದೇ ಇಲ್ಲ. ನೀರು ಕುದಿಯುತ್ತದೆ, ಬೇಳೆ ಕಲ್ಲಿನ ಹಾಗೇ ಇರುತ್ತದೆ.

1999ರಲ್ಲಿ ವೈರಿ ಮೇಲಿದ್ದ, ನಮ್ಮವರು ಕೆಳಗಿದ್ದರು. ಶ್ರೀನಗರ–ಲೇಹ್ ರಸ್ತೆ ಅವನ ಕಣ್ಣ ಕೆಳಗೇ ಇತ್ತು. ಒಂದೊಂದು ಲಾರಿಯನ್ನೂ ನೋಡಿ ಫಿರಂಗಿ ಹೊಡೆಸುತ್ತಿದ್ದ. ಹಗಲಲ್ಲಿ ಹತ್ತಿದರೆ ಕಲ್ಲು ಉರುಳಿಸಿದರೂ ಸಾಕು ಅವನಿಗೆ. ಅದಕ್ಕೇ ಎಲ್ಲಾ ರಾತ್ರಿಯ ದಾಳಿ. ಸಿನಿಮಾದಲ್ಲಿ ಎದುರಿನ ದಾರಿ ಬಿಟ್ಟು ಯಾರೂ ನಿರೀಕ್ಷೆ ಮಾಡದ ಕಡಿದಾದ ಬಂಡೆ ಹತ್ತುತ್ತಾರಲ್ಲ, ಅದನ್ನು ನೋಡಿ ‘ಸಿನಿಮಾ ರೀ ಇದು’ ಅನ್ನುವವರಿದ್ದಾರೆ. ಅಲ್ಲ. ಟೈಗರ್ ಹಿಲ್‌ನಲ್ಲಿ ಜುಲೈ 3ರ ರಾತ್ರಿ 18 ಗ್ರೆನೇಡಿಯರ್ಸ್ ಪಲ್ಟನ್ನಿನ ಘಾತಕ್ ತಂಡ, ಅಂದರೆ ಮುಂದೆ ನುಗ್ಗುವ ಆಯ್ದ ಸೈನಿಕರ ತಂಡ, ಹಾಗೇ ಹಗ್ಗ ಕಟ್ಟಿ ಬಂಡೆ ಹತ್ತಿತು. ಯೋಗೇಂದ್ರ ಸಿಂಗ್ ಯಾದವ್ ಆ ತಂಡದವರು. ಆಗ ಅವರ ವಯಸ್ಸು 19. ಮೈತುಂಬಾ ಗುಂಡು ತಿಂದರೂ ಬದುಕಿ ಬಂದು ಪರಮವೀರ ಚಕ್ರ ಪಡೆದರು.

ನನಗೆ ಆ ಸಿನಿಮಾದಲ್ಲಿ ಹಿಡಿಸಿದ್ದು ಓಂ ಪುರಿ. ಸುಬೇದಾರ್ ಮೇಜರ್ ಪಾತ್ರ. ಹೊಸ ಆಫೀಸರ್ ಹುಡುಗನನ್ನು ಸಲ್ಯೂಟ್ ಮಾಡುತ್ತಲೇ ಮಗನ ಹಾಗೆ ನೋಡಿಕೊಳ್ಳುವುದು ಇದೆಯಲ್ಲ, ಪಲ್ಟನ್ನು ಅಂದರೆ ಅದೇ. ಬಹಳ ಸಿನಿಮಾಗಳಲ್ಲಿ ಸೈನಿಕ ಅಂದರೆ ಕೂಗಾಟ. ಪಲ್ಟನ್ನಿನಲ್ಲಿ ಯಾರೂ ಕೂಗುವುದಿಲ್ಲ. ದಾಳಿಗೆ ಹೋಗುವ ಸಂಜೆ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ.

ತೊಗರಿ_ಕಣಜ
ಕಾಕಾ, ನಿಮಗೆ ನಮಸ್ಕಾರ. ಓದಿ ಮೈ ಜುಮ್ ಅಂದಿತು.

ಸುರಪುರದ_ಹುಡುಗ
ಹವಾಲ್ದಾರ್ ಸರ್, ಹಾಗಾದರೆ ಅದೇ ಸಮಸ್ಯೆ ಅಲ್ವಾ? ಮೆಲ್ಲಗೆ ಮಾತಾಡುವ ಸಿನಿಮಾ ಮುಂದಿನ ಬೆಂಚಿಗೆ ಕೇಳಿಸುವುದಿಲ್ಲ. ಸೀಟಿ ಹೊಡೆಯಲು ಒಂದು ಡೈಲಾಗ್ ಇಲ್ಲ. 2019ರಲ್ಲಿ ‘ಉರಿ’ ಬಂದಾಗ ನೋಡಿ, ಎರಡು ಸಾಲಿನ ಘೋಷಣೆ ಊರೂರು ತಲುಪಿತು. ಮದುವೆ ಮನೆಯಲ್ಲೂ ಕೂಗುತ್ತಿದ್ದರು.

ನಿವೃತ್ತ_ಹವಾಲ್ದಾರ್
ಸೀಟಿ ಬೇಕು ಅಂದರೆ ಸೀಟಿ ಸಿನಿಮಾ ನೋಡಿ ತಮ್ಮಾ, ಬೇಡ ಅನ್ನುವುದಿಲ್ಲ. ಕಾರ್ಗಿಲ್‌ನಲ್ಲಿ 527 ಜನ ನಮ್ಮವರು ಹೋದರು. ಪೆಟ್ಟಿಗೆಗಳು ಊರೂರಿಗೆ ಬಂದವು. ಆ ಪೆಟ್ಟಿಗೆ ಮನೆ ಮುಂದೆ ಇಳಿಸುವಾಗ ನಾನು ಒಮ್ಮೆ ಹೆಗಲು ಕೊಟ್ಟಿದ್ದೇನೆ. ಸೀಟಿಗಿಂತ ಲಕ್ಷ್ಯದ ಮೌನವೇ ನನಗೆ ಹತ್ತಿರ.

ಸುರಪುರದ_ಹುಡುಗ
ಸರ್, ನಿಮ್ಮ ಮನಸ್ಸಿಗೆ ನೋವು ಮಾಡಲು ಹೇಳಿದ್ದಲ್ಲ. ಮಂದಿ ಯಾಕೆ ಬರಲಿಲ್ಲ ಅನ್ನುವುದಕ್ಕೆ ಹೇಳಿದೆ. ಕ್ಷಮಿಸಿ.

ನಿವೃತ್ತ_ಹವಾಲ್ದಾರ್
ಇರಲಿ ಬಿಡು. ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ.

ಮಾಂಜ್ರಾ_98
ನಾನು ಈ ಪೀಳಿಗೆಯವನು, ಬೀದರ್. ಸಿನಿಮಾ ಬಂದಾಗ ನನಗೆ ಆರು ವರ್ಷ. 2024ರ ಜೂನ್‌ನಲ್ಲಿ 20 ವರ್ಷ ಆಯಿತು ಅಂತ ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ಹೈದರಾಬಾದಿನ ಮಾಲ್‌ನಲ್ಲಿ ನೋಡಿದೆ. ಹಾಲ್ ಪೂರ್ತಿ ತುಂಬಿರಲಿಲ್ಲ. ಆದರೆ ಬಂದವರಿಗೆಲ್ಲ ಹಾಡು ಬಾಯಿಪಾಠ ಇತ್ತು. ನನ್ನ ಪಕ್ಕ ಒಬ್ಬರು ಮಗನನ್ನು ಕರೆತಂದಿದ್ದರು. ದಾಳಿಗೆ ಮೊದಲು ಕರಣ್ ಅಪ್ಪನಿಗೆ ಫೋನ್ ಮಾಡುವ ದೃಶ್ಯ ಬಂದಾಗ ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಮಗ ಪಾಪ್‌ಕಾರ್ನ್ ತಿನ್ನುವುದು ನಿಲ್ಲಿಸಿದ.

ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡ ನಮ್ಮ ಊರಿನದೇ, ಗೊತ್ತಲ್ಲ. ಮನೆ ಮೇಲೆ ಮಲಗಿ ಅವರು ಅಭ್ಯಾಸ ಮಾಡುವುದನ್ನು ನೋಡಿ ಬೆಳೆದವರು ನಾವು. ಮೊದಲು ಕೆಂಪು ಬಿಳಿ ಬಣ್ಣದ ಕಿರಣ್ ವಿಮಾನ, ಈಗ ಹಾಕ್. ಬೀದರಿನ ಪ್ರತಿ ಹುಡುಗನೂ ಒಂದಲ್ಲ ಒಂದು ದಿನ ಪೈಲಟ್ ಆಗುತ್ತೇನೆ ಅಂದಿರುತ್ತಾನೆ. ನಾನೂ ಅಂದಿದ್ದೆ. ಕಣ್ಣಿನ ಪರೀಕ್ಷೆಯಲ್ಲಿ ಹೋಯಿತು. ಆ ಸಿನಿಮಾ ನೋಡಿ ಹೊರಗೆ ಬಂದಾಗ ಅದೆಲ್ಲ ಒಮ್ಮೆ ಎದ್ದು ಬಂತು.

ಬಿದ್ರಿ_ಕುಸುರಿ
ಬೆಳಗ್ಗೆ ಆ ಸದ್ದು ಕೇಳದಿದ್ದರೆ ಬೀದರಿನಲ್ಲಿ ದಿನ ಶುರುವಾದ ಹಾಗೆ ಆಗುವುದಿಲ್ಲ. ವಿಮಾನ ನೋಡುತ್ತಾ ಶೇಂಗಾ ಹಿಂಡಿ ರೊಟ್ಟಿ ತಿಂದ ಬೆಳಗುಗಳು ಎಷ್ಟೋ.

ಹಫ್ತ್_ಗುಂಬಜ್
ಮಾತು ಎಲ್ಲಿಗೋ ಹೋಯಿತು. ಇರಲಿ, ಒಳ್ಳೆಯದೇ. ಹಾಡಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ‘ಮೈ ಐಸಾ ಕ್ಯೂಂ ಹೂಂ’ ಹಾಡಿನ ನೃತ್ಯ ಪ್ರಭುದೇವ ಅವರದು. ರಾಷ್ಟ್ರ ಪ್ರಶಸ್ತಿ ಬಂತು ಅದಕ್ಕೆ. ಪ್ರಭುದೇವ ಹುಟ್ಟಿದ್ದು ಮೈಸೂರಿನಲ್ಲಿ, ನಮ್ಮವರೇ. ಆ ಹಾಡು ಕೇಬಲ್‌ನಲ್ಲಿ ಬಂದರೆ ಓಣಿಯ ಹುಡುಗರೆಲ್ಲ ಟೀವಿ ಮುಂದೆ ಕೂರುತ್ತಿದ್ದರು. ಸಿನಿಮಾಕ್ಕೆ ಹೋದವರು ಕಡಿಮೆ, ಗ್ಯಾದರಿಂಗಿನಲ್ಲಿ ಆ ಹಾಡಿಗೆ ಕುಣಿಯದ ಕಾಲೇಜಿಲ್ಲ.

ಭೀಮಾ_ದಂಡೆ
ಸಂಗೀತ ಶಂಕರ್–ಎಹಸಾನ್–ಲಾಯ್, ಸಾಹಿತ್ಯ ಜಾವೇದ್ ಅಖ್ತರ್. ‘ಕಂಧೋಂ ಸೇ ಮಿಲ್ತೇ ಹೈಂ ಕಂಧೇ’ ಇವತ್ತಿಗೂ ನಮ್ಮೂರ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಹಾಕುತ್ತಾರೆ. ಹಾಡು ಯಾವ ಸಿನಿಮಾದ್ದು ಅಂತ ಹುಡುಗರಿಗೆ ಗೊತ್ತಿಲ್ಲ.

ತೊಗರಿ_ಕಣಜ
ಕನ್ನಡದಲ್ಲಿ ಇಂಥದ್ದು ಯಾಕೆ ಬರುವುದಿಲ್ಲ ಅಂತ ಕೇಳಬೇಕು ಅನ್ನಿಸುತ್ತದೆ.

ರೀಲು_ಡಬ್ಬಿ
ಬಂದಿತ್ತಲ್ಲ. 1990ರ ‘ಮುತ್ತಿನ ಹಾರ’. ರಾಜೇಂದ್ರ ಸಿಂಗ್ ಬಾಬು ನಿರ್ದೇಶನ, ವಿಷ್ಣುವರ್ಧನ್, ಸುಹಾಸಿನಿ. ಕೊಡಗಿನ ಸೈನಿಕನ ಕತೆ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು. ಅಪ್ಪ ಅದನ್ನೂ ಓಡಿಸಿದ್ದರು. ಮಗುವಿನ ದೃಶ್ಯದ ರೀಲು ಬಂದರೆ ಮಾತ್ರ ಕಿಂಡಿಯಲ್ಲಿ ನೋಡುತ್ತಿರಲಿಲ್ಲ. "ಒಂದು ಸಲ ನೋಡಿದ್ದೇ ಸಾಕು" ಅನ್ನುತ್ತಿದ್ದರು.

ಗಣಿತ_ಟೀಚರ್
ನಾನು ಮತ್ತೆ ಬಂದೆ. ಸುರಪುರದ ತಮ್ಮ ಹೇಳಿದ ಮಾತು ಸಂಜೆಯಿಂದ ತಲೆಯಲ್ಲಿ ಕೂತಿದೆ. ‘ನಮ್ಮ ಹುಡುಗರಿಗೆ ಆ ಪ್ರಶ್ನೆಯೇ ಇರಲಿಲ್ಲ’ ಅಂದನಲ್ಲ, 2004ಕ್ಕೆ ಅದು ಸರಿ ಇರಬಹುದು. ಈಗ ಸರಿ ಇಲ್ಲ. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಅಂಥ ಹುಡುಗರು ಸಿಗುತ್ತಾರೆ. ಅಪ್ಪ ಗುಳೆ ಹೋಗಿ ದುಡಿದು ಕಳಿಸಿದ ದುಡ್ಡಿನಲ್ಲಿ ಸೈನ್ಸ್ ತೆಗೆದುಕೊಂಡಿರುತ್ತಾರೆ. ಸಿಇಟಿ ಅಂದರೇನು ಅಂತ ಹೇಳುವವರು ಮನೆಯಲ್ಲಿ ಇರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕಿಟಕಿ ನೋಡುತ್ತಾ ಕೂರುತ್ತಾರೆ. ಬೈದರೆ ತಲೆ ತಗ್ಗಿಸುತ್ತಾರೆ. ಕೇಳಿದರೆ "ಗೊತ್ತಿಲ್ಲ ಮಿಸ್" ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಪರೀಕ್ಷೆ ಮುಗಿದ ಮೇಲೆ ಪ್ರೊಜೆಕ್ಟರ್‌ನಲ್ಲಿ ಲಕ್ಷ್ಯ ತೋರಿಸಿದೆ. ಅಕಾಡೆಮಿಯಿಂದ ಓಡಿ ಬರುವವರೆಗೆ ಹುಡುಗರು ಗುಸುಗುಸು ಮಾತಾಡುತ್ತಿದ್ದರು. ಅವನು ವಾಪಸ್ ಹೋಗುವಾಗ ಕೋಣೆ ಸದ್ದಿಲ್ಲದೆ ಆಯಿತು. ಯುದ್ಧದ ಭಾಗ ಬಂದಾಗಲ್ಲ, ಅಲ್ಲಿ. ಒಬ್ಬ ಹುಡುಗ ಮರುದಿನ ಬಂದು "ಮಿಸ್, ಓಡಿ ಬಂದವರನ್ನು ಮತ್ತೆ ಸೇರಿಸಿಕೊಳ್ಳುತ್ತಾರಾ?" ಅಂತ ಕೇಳಿದ. ಸೈನ್ಯದ ವಿಷಯ ಕೇಳುತ್ತಿದ್ದಾನೆ ಅಂದುಕೊಂಡೆ. ಅವನು ಕೇಳಿದ್ದು ಅವನ ಅಣ್ಣನ ವಿಷಯ. ಕಾಲೇಜು ಬಿಟ್ಟು ಪುಣೆಗೆ ಹೋಗಿದ್ದನಂತೆ.

ಸುರಪುರದ_ಹುಡುಗ
ಅಕ್ಕಾ... ಆ ಹುಡುಗನ ಅಣ್ಣ ವಾಪಸ್ ಬಂದನಾ?

ಗಣಿತ_ಟೀಚರ್
ಬಂದ. ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿದೆವು. ಇಂಗ್ಲಿಷ್ ಒಂದು ಉಳಿದಿದೆ.

ಮಾಂಜ್ರಾ_98
ಹವಾಲ್ದಾರ್ ಸರ್, ಒಂದು ಕೇಳಲಾ? ನಮ್ಮ ಚಿಕ್ಕಪ್ಪನ ಮಗ ಅಗ್ನಿವೀರ್‌ಗೆ ಓಡುವ ಅಭ್ಯಾಸ ಮಾಡುತ್ತಿದ್ದಾನೆ. ನಾಲ್ಕು ವರ್ಷ, ಆಮೇಲೆ ನೂರಕ್ಕೆ 25 ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಹೋಗು ಅನ್ನುವವರು ಅರ್ಧ, ಬೇಡ ಅನ್ನುವವರು ಅರ್ಧ. ನೀವೇನು ಹೇಳುತ್ತೀರಿ?

ನಿವೃತ್ತ_ಹವಾಲ್ದಾರ್
ಯೋಜನೆ ಸರಿಯೋ ತಪ್ಪೋ ಅನ್ನುವುದು ಇಲ್ಲಿ ಮುಗಿಯುವ ಮಾತಲ್ಲ. ಹುಡುಗನಿಗೆ ಒಂದು ಹೇಳು. ಬೇರೆ ಏನೂ ಸಿಗಲಿಲ್ಲ ಅಂತ ಬರುವುದು ಬೇಡ. ಅಂಥವರು ಮೊದಲ ತಿಂಗಳೇ ಒಡೆದು ಹೋಗುತ್ತಾರೆ. ನಿಜವಾಗಿ ಮನಸ್ಸಿದ್ದರೆ ನನ್ನ ಹತ್ತಿರ ಕಳಿಸು. ಬೆಳಗ್ಗೆ ಐದಕ್ಕೆ ನಾಲ್ಕು ಹುಡುಗರು ನಮ್ಮ ಹೊಲದ ದಾರಿಯಲ್ಲಿ ಓಡುತ್ತಾರೆ, ಅವನು ಐದನೆಯವನಾಗಲಿ. 1600 ಮೀಟರ್ ಓಟದ ಜೊತೆ ಲೆಕ್ಕ, ಸಾಮಾನ್ಯ ಜ್ಞಾನವೂ ಓದಬೇಕು ಅಂತ ಹೇಳು. ನಮ್ಮ ಕಡೆಯ ಹುಡುಗರು ಓಟದಲ್ಲಿ ಪಾಸಾಗಿ ಬರಹದಲ್ಲಿ ಉಳಿಯುತ್ತಾರೆ.

ಮಾಂಜ್ರಾ_98
ಕಳಿಸುತ್ತೇನೆ ಸರ್. ಸೋಮವಾರದಿಂದಲೇ.

ಗಣಿತ_ಟೀಚರ್
ಲೆಕ್ಕಕ್ಕೆ ನಾನಿದ್ದೇನೆ. ಫೋನಿನಲ್ಲೇ ಹೇಳಿಕೊಡುತ್ತೇನೆ, ಐವರಿಗೂ.

ಶಹಾಬಾದ್_ಕಲ್ಲು
ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲಾ ಓದಿದೆ, ಕೆಲವನ್ನು ಎರಡೆರಡು ಸಲ.

ಪೋಸ್ಟರ್ ಯುದ್ಧ ತೋರಿಸಿತು, ಒಳಗೆ ಇದ್ದದ್ದು ಒಬ್ಬ ಹುಡುಗ. ಯುದ್ಧ ಬೇಕಾದವರಿಗೆ ತಡ ಅನ್ನಿಸಿತು. ಹುಡುಗನ ಕತೆ ಬೇಕಾದವರು ಪೋಸ್ಟರ್ ನೋಡಿ ಬರಲೇ ಇಲ್ಲ. ನನಗೆ ಇದೇ ದೊಡ್ಡ ಕಾರಣ ಅನ್ನಿಸುತ್ತದೆ. ಸುರಪುರದ ತಮ್ಮಾ, ನಿನ್ನ ಮಾತನ್ನು ಈಗಲೂ ಪೂರ್ತಿ ಒಪ್ಪುವುದಿಲ್ಲ, ಆದರೆ ಅಣ್ಣನ ವಿಷಯ ಹೇಳಿದೆಯಲ್ಲ, ಅದು ನಾಟಿತು. ಅಣ್ಣನಿಗೂ ಆಗ ಇಪ್ಪತ್ತೆರಡೇ ವರ್ಷ. ಡಿಗ್ರಿ ಬಿಟ್ಟು ಸಿಮೆಂಟ್ ಕಾರ್ಖಾನೆಗೆ ದಿನಗೂಲಿಗೆ ಹೋಗುತ್ತಿದ್ದ. ನನ್ನ ಹೆಗಲ ಮೇಲೆ ಕೈ ಇಟ್ಟವನಿಗೆ ಆ ದೃಶ್ಯ ನೋಡಿ ಏನನ್ನಿಸಿತು ಅಂತ ನಾನು 20 ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ.

ಹಫ್ತ್_ಗುಂಬಜ್
ಕೇಳಿ ಭಾಯ್. ಇವತ್ತೇ ಕೇಳಿ.

ಶಹಾಬಾದ್_ಕಲ್ಲು
ಫೋನ್ ಮಾಡಿದ್ದೆ. "ಯಾವ ಪಿಕ್ಚರ್?" ಅಂದ. ಹೆಸರು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ವಾಪಸ್ ಬರುವಾಗ ರೈಲಿನಲ್ಲಿ ಸೀಟು ಸಿಗಲಿಲ್ಲ, ಬಾಗಿಲ ಹತ್ತಿರ ಕೂತು ಬಂದೆವು, ನೆನಪಿದೆಯಾ" ಅಂದ. ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಲ್ಯಾಪ್‌ಟಾಪ್ ತೆಗೆದುಕೊಂಡು.

ರೀಲು_ಡಬ್ಬಿ
186 ನಿಮಿಷ. ಮಧ್ಯಾಹ್ನ ಊಟ ಮುಗಿಸಿಯೇ ಶುರು ಮಾಡಿ.